ಎರಡೂ ಒಂದ ಅದಾವ

ಪಂಚಮಿಗೆ ಮಗಳಿಗೆ ಯಾವ ಸೀರೆಯೋ ಸೊಸೆಗೂ ಅದೇ ಸೀರೆ ಎಂಬುದು ನನ್ನ ಅತ್ತೆಯ ಕಾನೂನು. ಬಣ್ಣ ಬೇರೆಯಿದ್ದರೆ ಅಡ್ಡಿಯಿಲ್ಲ, ಆದರೆ ನೂಲು, ಅಂಚು, ಸೆರಗು ಒಂದೇ ಇರಬೇಕು. ನಮ್ಮ ಧಾರವಾಡದ ಕಡೆ ನಾಗರಪಂಚಮಿ ಎಂದರೆ ಕೊಟ್ಟ ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ. ಉಂಡಿ ಕಟ್ಟುವುದು, ಜೋಕಾಲಿ ಜೀಕುವುದು ಎಲ್ಲ ಇದ್ದರೂ ಅತ್ತೆಗೆ ಹಬ್ಬ ಶುರುವಾಗುತ್ತಿದ್ದುದು ಆ ಎರಡು ಸೀರೆಗಳಿಂದ. ಕೊನೆಯ ವರ್ಷಗಳಲ್ಲಿ ಅವರಿಗೆ ಕಣ್ಣು ಹೋಗಿತ್ತು. ಮೊದಲು ಬಣ್ಣಗಳು ಹೋದವು, ಆಮೇಲೆ ಮುಖಗಳು. ಅಂಗಡಿಯಿಂದ ಬಂದ ಸೀರೆಗಳನ್ನು ತೊಡೆಯ ಮೇಲಿಟ್ಟುಕೊಂಡು ಅವರು ನನ್ನನ್ನು ಕೇಳುತ್ತಿದ್ದರು.

“ಎರಡೂ ಒಂದ ಅದಾವೇನ?”

“ಹೂಂ ಅತ್ತಿ, ಒಂದ ಅದಾವ.”

ಅಲ್ಲಿಗೆ ಮಾತು ಮುಗಿಯುತ್ತಿತ್ತು. ಹೆತ್ತ ಮಗನನ್ನು ಕೇಳುತ್ತಿರಲಿಲ್ಲ, ಸೀರೆ ಉಡಬೇಕಾದ ಮಗಳನ್ನೂ ಕೇಳುತ್ತಿರಲಿಲ್ಲ. ನನ್ನ ನಾಲಿಗೆ ಸ್ವಲ್ಪ ಹರಿತ ಎಂದು ಇಡೀ ಬಳಗಕ್ಕೆ ಗೊತ್ತಿದ್ದರೂ ಈ ಒಂದು ವಿಷಯದಲ್ಲಿ ನನ್ನ ಮಾತು ನಡೆಯುತ್ತದೆ ಎಂಬುದು ನನಗೆ ಒಳಗೊಳಗೇ ಜಂಬ ತರುತ್ತಿತ್ತು.

ನಾನು ಬ್ಯಾಂಕಿನಲ್ಲಿ ಅಧಿಕಾರಿ. ವಿಶಾಖಪಟ್ಟಣಕ್ಕೆ ದೊಡ್ಡ ಚಂಡಮಾರುತ ಬಂದು ಹೋದ ಮರುವರ್ಷ ನನಗೆ ಅಲ್ಲಿಗೆ ವರ್ಗವಾಯಿತು. ಅತ್ತೆ ಆಗಲೇ ತೀರಿಕೊಂಡಿದ್ದರು. ನನ್ನ ಗಂಡನದು ಅವರಿವರ ತೆರಿಗೆ ಲೆಕ್ಕ ನೋಡುವ ಕೆಲಸ, ಎಲ್ಲಿ ಕೂತರೂ ನಡೆಯುತ್ತದೆ. ಎಂವಿಪಿ ಕಾಲೋನಿಯಲ್ಲಿ ಒಂದು ಫ್ಲ್ಯಾಟು ಹಿಡಿದೆವು. ಕೆಳಗೆ ಕೋಚಿಂಗ್ ಸೆಂಟರು, ಸಂಜೆಯಾದರೆ ಗೇಟಿನ ಮುಂದೆ ಕಾಲಿಡಲು ಜಾಗವಿಲ್ಲದಷ್ಟು ಸ್ಕೂಟರು. ಊರು ದೂರವಾಯಿತೆಂದು ನಾನು ಗೊಣಗುತ್ತಿದ್ದೆ. ಆದರೆ ಒಬ್ಬಳಿಗೆ ಮಾತ್ರ ಇದರಿಂದ ತವರು ಹತ್ತಿರವಾಗಿತ್ತು. ಅವಳು ನನ್ನ ನಾದಿನಿ, ಗಂಡನ ತಂಗಿ.

ನಾದಿನಿ ಇರುವುದು ವಿಜಯವಾಡದಲ್ಲಿ. ಹುಬ್ಬಳ್ಳಿಯಲ್ಲಿ ರೈಲ್ವೆ ಕೆಲಸಕ್ಕಿದ್ದ ತೆಲುಗು ಹುಡುಗನನ್ನು ಮೆಚ್ಚಿ ಮದುವೆಯಾಗಿ, ಅವನಿಗೆ ತನ್ನೂರಿಗೆ ವರ್ಗವಾದಾಗ ಅವನ ಜೊತೆ ಹೋದವಳು. ಅವಳ ಕನ್ನಡ ಅಪ್ಪಟ ಧಾರವಾಡದ್ದೇ, ಆದರೆ ಕೊನೆಗೆ, ನಮ್ಮ ‘ರೀ’ ಇದ್ದ ಹಾಗೆ, ತೆಲುಗಿನ ಒಂದು ‘ಅಂಡಿ’ ಅಂಟಿಕೊಂಡುಬಿಟ್ಟಿದೆ. “ಬರ್ತೀನಂಡಿ ವೈನಿ” ಎಂದು ಫೋನಿಡುತ್ತಾಳೆ. ಅವಳ ಮಗಳು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ತೆಲುಗಿನಲ್ಲೇ ಉತ್ತರ ಕೊಡುತ್ತಾಳೆ.

ಆ ಮನೆಯಲ್ಲಿ ಬಹಳ ಕಾಲ ಅವಳು ‘ಕನ್ನಡದ ಸೊಸೆ’ ಅಷ್ಟೇ ಆಗಿದ್ದಳು. ಅವಳಿಗೆ ಸ್ವಂತದ್ದೊಂದು ಹೆಸರು ಬಂದದ್ದು ಮಗ್ಗಂ ಕೆಲಸದಿಂದ. ಅಲ್ಲಿ ಮದುವೆಯ ಬ್ಲೌಸಿಗೆ ಮಾಡಿಸುವ ಕಸೂತಿಗೆ ಮಗ್ಗಂ ಎನ್ನುತ್ತಾರೆ. ಮರದ ಚೌಕಟ್ಟಿಗೆ ಬಟ್ಟೆ ಬಿಗಿದು, ಕೊಕ್ಕೆ ಸೂಜಿಯಲ್ಲಿ ದಾರ, ಜರಿ, ಮಣಿ ಕೂಡಿಸುತ್ತ ಹೋಗಬೇಕು. ನಾದಿನಿ ಹುಡುಗಿಯಾಗಿದ್ದಾಗಲೇ ಧಾರವಾಡದ ಕಸೂತಿ ಕಲಿತವಳು, ಇದನ್ನು ನೋಡುನೋಡುತ್ತಲೇ ಕಲಿತಳು. ಅದರಲ್ಲೂ ಬಣ್ಣದ ವಿಷಯದಲ್ಲಿ ಅವಳ ಕಣ್ಣಿಗೆ ಸಮನಿಲ್ಲ. ಸೀರೆಯ ಯಾವುದೋ ಮೂಲೆಯ ಎಳೆಯೊಂದರ ಬಣ್ಣ ಹಿಡಿದು, ಅದಕ್ಕೆ ತಕ್ಕ ದಾರ ಹುಡುಕಿ, ತೋಳಿನ ಮೇಲೆ ತರುತ್ತಿದ್ದಳು. ಅವಳು ಮಾಡಿದ ಬ್ಲೌಸು ಸೀರೆಯ ಜೊತೆಯಲ್ಲೇ ನೇಯ್ದಂತೆ ಕಾಣುತ್ತಿತ್ತು. ಊರಾಚೆಯ ಗನ್ನವರಂನಿಂದೆಲ್ಲ ಹೆಂಗಸರು ಹುಡುಕಿಕೊಂಡು ಬರುತ್ತಿದ್ದರು.

ನಾವು ವೈಜಾಗಿಗೆ ಬಂದ ಮೇಲೆ ಪ್ರತಿ ಪಂಚಮಿಗೂ ಅವಳು ರೈಲು ಹತ್ತಿ ಬರತೊಡಗಿದಳು. ತೆಲುಗರಿಗೆ ಶ್ರಾವಣ ಮದುವೆಯ ಕಾಲ, ಮಗ್ಗಂನವರಿಗೆ ಕೈ ಬಿಡುವಿರುವುದಿಲ್ಲ. ಅಂಥ ಹೊತ್ತಿನಲ್ಲಿ ಇವಳು ಚೌಕಟ್ಟು ಬಿಟ್ಟು ತವರಿಗೆ ಹೊರಟರೆ ಅವಳ ಓಣಿಯವರಿಗೆ ಸೋಜಿಗ. ಒಂದೇ ರಾತ್ರಿ ಇರುತ್ತಿದ್ದಳು. ಶೇಂಗಾ ಉಂಡಿ, ಜೋಳದ ಅರಳು ಕಟ್ಟಿಕೊಂಡು, ಸೀರೆ ತೆಗೆದುಕೊಂಡು ಹೋಗುತ್ತಿದ್ದಳು. ಸೀರೆಯನ್ನು ಬಿಚ್ಚಿಯೂ ನೋಡುತ್ತಿರಲಿಲ್ಲ, ಹಣೆಗೆ ಒತ್ತಿಕೊಂಡು ಚೀಲದಲ್ಲಿಡುತ್ತಿದ್ದಳು.

ಒಂದು ವರ್ಷ ಸೀರೆಯ ಬದಲು ಟ್ಯಾಬ್ ಕೊಡೋಣವೆಂದು ನನಗೇ ಹೊಳೆಯಿತು. ಗಿರಾಕಿಗಳು ಸೀರೆಯ ಫೋಟೋಗಳನ್ನು ಫೋನಿಗೆ ಕಳಿಸುತ್ತಾರೆ, ಸಣ್ಣ ಪರದೆಯಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿ ಕಣ್ಣು ನೋಯುತ್ತದೆ ಎಂದು ಅವಳೇ ಅಂದಿದ್ದಳು. ಚಾಳೀಸು ಆಗಲೇ ಬಂದಿತ್ತು. ನನಗೂ ಒಂದು ಬೇಕಿತ್ತು. ಸೊಸೆಗೊಂದು, ಮಗಳಿಗೊಂದು. ಅತ್ತೆ ಇದ್ದಿದ್ದರೆ ಬೆನ್ನು ತಟ್ಟುತ್ತಿದ್ದರು ಎಂದುಕೊಂಡೆ.

ಆಗ ನಮ್ಮ ಬ್ಯಾಂಕಿನಲ್ಲಿ ಊಟದ ಹೊತ್ತಿನ ದೊಡ್ಡ ಜಗಳ ಇದೇ ಆಗಿತ್ತು. ಅಗ್ಗದ ಟ್ಯಾಬ್ ದುಬಾರಿಯದರ ಮುಂದೆ ನಿಲ್ಲುತ್ತದೋ ಇಲ್ಲವೋ. ನಿಲ್ಲುತ್ತದೆ ಎನ್ನುವವರ ಪಕ್ಷದಲ್ಲಿ ಎಲ್ಲರಿಗಿಂತ ದೊಡ್ಡ ಗಂಟಲು ನನ್ನದು. ಹಿಂಬದಿಗೆ ಅಚ್ಚು ಹಾಕಿದ ಕಂಪನಿಯ ಗುರುತಿಗೆ ದುಡ್ಡು ಸುರಿಯುತ್ತೀರಿ, ಒಳಗಿರುವುದು ಅದೇ ಸಾಮಾನು ಎಂದು ಅನ್ನದ ಡಬ್ಬಿ ಮುಚ್ಚುತ್ತ ಮುಚ್ಚುತ್ತ ಭಾಷಣ ಬಿಗಿಯುತ್ತಿದ್ದೆ. ಆದ್ದರಿಂದ ಎರಡೂ ಅಗ್ಗದವನ್ನೇ ತರುವುದೆಂದು ಗಂಡನನ್ನು ಕರೆದುಕೊಂಡು ದ್ವಾರಕಾನಗರದ ಅಂಗಡಿಗೆ ಹೋದೆ.

ಅಂಗಡಿಯವನು ಎರಡು ಬಗೆಯವನ್ನೂ ಅಕ್ಕಪಕ್ಕ ಇಟ್ಟ. “ಸೇಮ್ ಟು ಸೇಮ್ ಮೇಡಂ” ಎಂದು ಅಗ್ಗದ್ದನ್ನೇ ಹೊಗಳಿದ. ಇದರಲ್ಲಿ ಸಿಮ್ ಹಾಕಿ ಮಾತಾಡಬಹುದು, ಅದರಲ್ಲಿ ಆಗದು. ಇದರ ಚಾರ್ಜು ಹೆಚ್ಚು ಹೊತ್ತು ಬರುತ್ತದೆ. ಇದರ ಸದ್ದು ಜೋರು. ಅವನು ಹೇಳಿದ್ದೆಲ್ಲ ನಿಜವಾಗಿತ್ತು. ಆಮೇಲೆ ನಾನು ದುಬಾರಿಯದನ್ನು ಸುಮ್ಮನೆ ಕೈಗೆತ್ತಿಕೊಂಡೆ. ಪರದೆಯಲ್ಲಿ ಒಂದು ದಾಸವಾಳದ ಚಿತ್ರವಿತ್ತು. ಆ ಕೆಂಪು ನೋಡಿದ ಮೇಲೆ ಇನ್ನೊಂದರ ಕೆಂಪಿನ ಮೇಲೆ ನನ್ನ ಕಣ್ಣು ನಿಲ್ಲಲಿಲ್ಲ. ಅಗ್ಗದ್ದನ್ನು ಸ್ವಲ್ಪ ವಾರೆ ಮಾಡಿ ನೋಡಿದರೆ ಹೂವು ತೊಳೆದ ಹಾಗೆ ಬೆಳ್ಳಗಾಗುತ್ತಿತ್ತು. ಅದನ್ನು ನಾನು ಸರಿಯಾಗಿಯೇ ನೋಡಿದೆ. ವಾರೆಯಾಗಿ ಯಾರು ನೋಡುತ್ತಾರೆ ಎಂದುಕೊಂಡೆ.

ಎರಡೂ ದುಬಾರಿಯವನ್ನು ಕೊಳ್ಳುವುದು ನಮ್ಮ ಕೈಲಾಗುತ್ತಿರಲಿಲ್ಲ. ನಾನು ನನಗೆ ದುಬಾರಿಯದನ್ನೂ ನಾದಿನಿಗೆ ಅಗ್ಗದ್ದನ್ನೂ ತೆಗೆಸಿದೆ.

“ಬ್ಯಾರೆ ಬ್ಯಾರೆ ತಗೊಂಡ್ರ ಅವ್ವ ಏನಂತಿದ್ದಳು?” ಎಂದ ಗಂಡ.

“ಅತ್ತಿ ಹೇಳಿದ್ದು ಸೀರಿಗೆ. ಇದು ಸೀರಿ ಅಲ್ಲ. ನಾ ಆಫೀಸಿನ ಕೆಲಸಕ್ಕ ತಗೊಳ್ಳಾಕತ್ತೀನಿ. ಆಕಿ ಏನು, ನಾಕು ಡಿಸೈನು ನೋಡ್ತಾಳ. ಆಕಿಗಿ ಇಷ್ಟು ಸಾಕು.”

ಆಕೆಗೆ ಇಷ್ಟು ಸಾಕು ಎಂದವಳು ನಾನೇ. ನಿಜ ಹೇಳಬೇಕೆಂದರೆ ಆಫೀಸಿನ ಒಂದು ಕೆಲಸವನ್ನೂ ನಾನು ಅದರಲ್ಲಿ ಮಾಡಲಿಲ್ಲ. ಧಾರಾವಾಹಿ ನೋಡಿದೆ, ಅಡುಗೆ ವಿಡಿಯೋ ನೋಡಿದೆ. ಬಣ್ಣವೇ ಜೀವವಾಗಿದ್ದ ಕೆಲಸ ಅವಳದಾಗಿತ್ತು, ಅದು ಗೊತ್ತಿದ್ದೂ ಅಂಗಡಿಯಲ್ಲಿ ನನಗೆ ನೆನಪಾಗಲಿಲ್ಲ. ನೆನಪಾಗುವುದು ನನಗೆ ಬೇಕಿರಲಿಲ್ಲ ಎಂದೇ ಈಗ ಅನ್ನಿಸುತ್ತದೆ. ಎರಡಕ್ಕೂ ಒಂದೇ ಥರದ ಕಂದುಗೆಂಪು ಕವರು ಹಾಕಿಸಿದೆ. ಹಿಂದಿನ ಗುರುತು ಕವರಿನೊಳಗೆ ಮುಚ್ಚಿಹೋಯಿತು.

ಪಂಚಮಿಯ ದಿನ ಅದನ್ನು ನಾದಿನಿಗೆ ಕೊಟ್ಟೆ. ಕವರನ್ನು ಸವರಿದಳು, ತೆರೆದಳು, ಮುಚ್ಚಿದಳು. ಇಂಥದ್ದು ತನಗೇಕೆ, ಸೀರೆ ಸಾಕಿತ್ತಲ್ಲ ಎಂದಳು. ಆಮೇಲೆ ನನ್ನ ಮುಖ ನೋಡಿ ಕೇಳಿದಳು.

“ನಿಮಗ ತಗೊಂಡಿಲ್ಲೇನ್ರಿ ವೈನಿ? ಅವ್ವ ಇದ್ದಿದ್ರ ಬೈತಿದ್ದಳು.”

“ತಗೊಂಡೀನಿ. ಎರಡೂ ಒಂದ ಅದಾವ.”

ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಎಷ್ಟೋ ವರ್ಷ ಹೇಳಿ ಹೇಳಿ ರೂಢಿಯಾದ ಮಾತು ಬಾಯಿಂದ ತಾನಾಗಿ ಬಂತು. ಬಂದ ಮೇಲೆ ವಾಪಸು ತೆಗೆದುಕೊಳ್ಳಬಹುದಿತ್ತು, ತೆಗೆದುಕೊಳ್ಳಲಿಲ್ಲ. ನನ್ನದನ್ನು ಆವತ್ತು ಬೀರುವಿನಲ್ಲಿ ಸೀರೆಗಳ ಕೆಳಗೆ ಇಟ್ಟಿದ್ದೆ. ಗಂಡ ಬಾಲ್ಕನಿಗೆ ಹೋಗಿ ನಿಂತುಕೊಂಡ.

ಮೊದಲ ತಿಂಗಳುಗಳಲ್ಲಿ ಅವಳ ಖುಷಿ ನೋಡಿ ನನಗೆ ನಿರಾಳವೇ ಆಗಿತ್ತು. ಟ್ಯಾಬ್ ಅವಳ ಕೈಯಿಂದ ಜಾರಿ ಬಿದ್ದರೂ ಒಡೆಯಲಿಲ್ಲವಂತೆ. ಫೋನಿನ ಸಿಮ್ಮನ್ನೂ ಅದಕ್ಕೇ ಹಾಕಿಕೊಂಡಿದ್ದಳು, ಗಿರಾಕಿಗಳ ಫೋಟೋಗಳೆಲ್ಲ ಈಗ ಅದಕ್ಕೇ ಬರುತ್ತಿದ್ದವು. ವಾರದಲ್ಲಿ ಎರಡು ಸಲ ಚಾರ್ಜಿಗೆ ಹಾಕಿದರೆ ಆಯಿತಂತೆ. ನನ್ನದಕ್ಕೆ ದಿನವೂ ಹಾಕಬೇಕಿತ್ತು. ಊಟದ ಹೊತ್ತಿನ ನನ್ನ ಭಾಷಣಕ್ಕೆ ಹೊಸ ಸರಕು ಸಿಕ್ಕಿತು. ನಮ್ಮ ನಾದಿನಿ ಅಗ್ಗದ್ದನ್ನೇ ಇಟ್ಟುಕೊಂಡು ವ್ಯಾಪಾರ ನಡೆಸುತ್ತಾಳೆ ನೋಡಿ ಎಂದು ಹೇಳಿಕೊಂಡು ತಿರುಗಿದೆ. ನನ್ನ ಮನೆಯಲ್ಲಿ ಯಾವುದಿದೆ ಎಂದು ಮಾತ್ರ ಬಾಯಿ ಬಿಡಲಿಲ್ಲ.

ಮಾಘದ ಮದುವೆಗಳ ಹೊತ್ತಿಗೆ ಅವಳ ಕೆಲಸ ಕೆಟ್ಟಿತು. ಗನ್ನವರಂನ ಒಬ್ಬಾಕೆ ಮಗಳ ಮದುವೆ ಸೀರೆಯ ಫೋಟೋ ಕಳಿಸಿದ್ದಳು. ಸೀರೆ ಇನ್ನೂ ಕುಚ್ಚು ಹಾಕುವವರ ಹತ್ತಿರವಿತ್ತು, ಫೋಟೋ ನೋಡಿಯೇ ದಾರ ತರಬೇಕಿತ್ತು. ನಾದಿನಿ ತಂದಳು, ತೋಳು ತುಂಬ ಹೂಬಳ್ಳಿ ಎತ್ತಿದಳು. ಆ ತಾಯಿ ಬಂದು ಸೀರೆಯನ್ನು ಬ್ಲೌಸಿನ ಪಕ್ಕ ಹಾಸಿದಾಗ ಇಬ್ಬರಿಗೂ ತಪ್ಪು ಕಂಡಿತಂತೆ. ಸೀರೆ ಉಳ್ಳಾಗಡ್ಡಿ ಸಿಪ್ಪೆಯ ಗುಲಾಬಿ ಬಣ್ಣದ್ದು, ಬಳ್ಳಿ ತಿಳಿ ನೇರಳೆ. “ಕಲರ್ ಕಲವಲೇದಂಡಿ” ಎಂದಳಂತೆ ಆಕೆ, ಬಣ್ಣ ಕೂಡಿಲ್ಲ ಎಂದು. ಜಗಳ ಮಾಡಲಿಲ್ಲ. ನಾದಿನಿ ಎಲ್ಲವನ್ನೂ ಬಿಚ್ಚಿ ಮತ್ತೆ ಹಾಕಿಕೊಟ್ಟಳು. ಆದರೆ ಅದರ ಹಿಂದೆಯೇ ಇನ್ನೊಬ್ಬರ ಸೀರೆ. ಸಾಸಿವೆ ಹಳದಿ ಇರುವಲ್ಲಿ ಇವಳಿಗೆ ನಿಂಬೆ ಹಳದಿ ಕಂಡಿತ್ತು.

ಇದನ್ನೆಲ್ಲ ಅವಳು ಫೋನಿನಲ್ಲಿ ಹೇಳುತ್ತಿದ್ದಳು, ಒಂದು ಭಾನುವಾರ ಬೆಳಿಗ್ಗೆ. ಹೇಳಿ, ಉಳ್ಳಾಗಡ್ಡಿ ಸೀರೆಯ ಅದೇ ಫೋಟೋ ನನಗೆ ಕಳಿಸಿದಳು.

“ವೈನಿ, ನಿಮ್ಮ ಟ್ಯಾಬಿನ್ಯಾಗ ತಗದು ನೋಡ್ರಿ. ಯಾವ ಬಣ್ಣ ಕಾಣ್ತೈತಿ?”

ತೆಗೆದೆ. “ಉಳ್ಳಾಗಡ್ಡಿ ಬಣ್ಣ” ಎಂದೆ, ಯೋಚನೆ ಮಾಡದೆ.

ಆಚೆ ಅವಳು ತನ್ನ ಟ್ಯಾಬಿನಲ್ಲಿ ಅದನ್ನೇ ಇನ್ನೊಮ್ಮೆ ತೆರೆದಳು.

“ನನಗ ಈಗೂ ನೇರಳಿನ ಕಾಣಾಕತ್ತೈತ್ರಿ” ಎಂದಳು. “ಫೋಟೋ ಒಂದ, ಟ್ಯಾಬೂ ಒಂದ. ಅಂದ್ರ ನನ್ನ ಕಣ್ಣು. ಅವ್ವಗೂ ಮೊದಲ ಬಣ್ಣನ ಹೋಗಿದ್ವು, ನೆನಪೈತಲ್ರಿ?”

ಅಂಗಡಿಯ ದಾಸವಾಳ ಕಣ್ಣ ಮುಂದೆ ಬಂತು. ಮಗಳು ಕಳಿಸಿದ್ದ ವಿಡಿಯೋದಲ್ಲಿ ನೋಡಿದ್ದ, ಅವಳು ಕೆಲಸಕ್ಕೆ ಕೂರುವ ರೀತಿಯೂ ನೆನಪಾಯಿತು. ನೆಲದ ಮೇಲೆ ಚೌಕಟ್ಟಿನ ಮುಂದೆ ಕೂತಿರುತ್ತಾಳೆ, ಟ್ಯಾಬ್ ಬಲಗಡೆ ಮಣೆಯ ಮೇಲೆ ಮಲಗಿರುತ್ತದೆ, ಸೂಜಿಯಿಂದ ಕಣ್ಣು ಹೊರಳಿಸಿ ವಾರೆಯಾಗಿಯೇ ನೋಡುತ್ತಾಳೆ. ಅಷ್ಟೂ ನನಗೆ ಆ ಕ್ಷಣದಲ್ಲಿ ತಿಳಿಯಿತು. ಆಗಲೇ ಹೇಳಿದ್ದರೆ ಮುಗಿಯುತ್ತಿತ್ತು. ನಾನು ಹೇಳಿದ್ದು ಬೇರೆ.

“ಒಮ್ಮೆ ಡಾಕ್ಟರಿಗೆ ತೋರಿಸು” ಎಂದೆ.

ಕಣ್ಣು ಸರಿಯಿದೆ ಎಂದು ಗೊತ್ತಿದ್ದವಳನ್ನು ಕಣ್ಣಿನ ಡಾಕ್ಟರ ಹತ್ತಿರ ಕಳಿಸಿದೆ. ಡಾಕ್ಟರು ಏನೂ ಇಲ್ಲ ಎನ್ನುತ್ತಾರೆ, ಅವಳು ಸಮಾಧಾನವಾಗುತ್ತಾಳೆ, ನನ್ನ ಮಾನವೂ ಉಳಿಯುತ್ತದೆ ಎಂದು ನನ್ನ ಲೆಕ್ಕ. ಡಾಕ್ಟರು ಏನೂ ಇಲ್ಲ ಎಂದೇ ಅಂದರು. ಅವಳು ನಂಬಲಿಲ್ಲ. ಅವ್ವನಿಗೂ ಮೊದಲ ಸಲ ಹಾಗೇ ಹೇಳಿದ್ದರು, ಅದೂ ಅವಳಿಗೆ ನೆನಪಿತ್ತು. ಮನೆಯವರನ್ನು ಕೇಳೋಣವೆಂದರೆ ಅವಳ ಗಂಡನಿಗೂ ಮಗಳಿಗೂ ಗುಲಾಬಿ, ನೇರಳೆ ಎಲ್ಲ ಒಂದೇ. ನನ್ನ ಗಂಡ ದಿನಾ ಊಟಕ್ಕೆ ಕೂತಾಗ “ಫೋನ್ ಮಾಡಿ ಹೇಳು” ಎನ್ನುತ್ತಿದ್ದ. “ನೀವ ಹೇಳ್ರಿ” ಎಂದು ನಾನು ರೇಗುತ್ತಿದ್ದೆ. ಅವನೂ ಹೇಳಲಿಲ್ಲ. ನನ್ನ ಟ್ಯಾಬನ್ನು ಕೈಗೆತ್ತಿಕೊಂಡರೆ ಅದರ ಬಣ್ಣಗಳನ್ನು ನೋಡಲು ಆಗುತ್ತಿರಲಿಲ್ಲ. ಆರಿಸಿ, ಮತ್ತೆ ಬೀರುವಿನಲ್ಲಿ ಸೀರೆಗಳ ಕೆಳಗೆ ಇಟ್ಟುಬಿಡುತ್ತಿದ್ದೆ.

ಬೇಸಿಗೆಯಲ್ಲಿ ಬ್ಯಾಂಕಿನ ತರಬೇತಿಗೆಂದು ವಿಜಯವಾಡಕ್ಕೆ ಹೋದೆ. ಟ್ಯಾಬನ್ನು ಚೀಲದಲ್ಲಿ ಹಾಕಿಕೊಂಡೇ ಹೋಗಿದ್ದೆ, ಆದರೆ ಹೇಳುತ್ತೇನೋ ಇಲ್ಲವೋ ನನಗೇ ಖಾತ್ರಿಯಿರಲಿಲ್ಲ. ಅವಳ ಮನೆಯ ಮುಂದಿನ ಕೋಣೆಗೆ ಕಾಲಿಟ್ಟರೆ ಅದು ಅಗಲವಾಗಿ ಕಂಡಿತು. ಚೌಕಟ್ಟನ್ನು ಬಿಚ್ಚಿ ಗೋಡೆಗೆ ಒರಗಿಸಿ ಹಳೆಯ ಚಾದರ ಹೊದಿಸಿದ್ದಳು. ದಾರದ ಡಬ್ಬಿಗಳು ಅಟ್ಟ ಸೇರಿದ್ದವು.

“ಬಿಟ್ಟೆನಂಡಿ” ಎಂದಳು, ನಾನು ಕೇಳುವ ಮೊದಲೇ. “ಜರಿ ಕೆಲಸ ಅಷ್ಟ ತಗೋತೀನಿ. ಜರಿಗಿ ಬಣ್ಣ ಬೇಕಾಗಂಗಿಲ್ಲಲ್ಲ.”

ಮೇಲೆ ನಗುತ್ತಿದ್ದಳು. ಆಮೇಲೆ ಅಡುಗೆಮನೆಯಲ್ಲಿ ಇನ್ನೊಂದು ಮಾತು ಹೇಳಿದಳು. ದಿನಾ ಬೆಳಿಗ್ಗೆ ಎದ್ದ ಕೂಡಲೇ ಕಿಟಕಿಯ ಹೊರಗೆ ಎದುರು ಮನೆಯ ಹಸಿರು ಗೇಟನ್ನು ನೋಡುತ್ತಾಳಂತೆ, ಹಸಿರು ಇನ್ನೂ ಹಸಿರಾಗಿದೆಯೇ ಎಂದು. ಮಗಳ ಮದುವೆಯವರೆಗಾದರೂ ಕಣ್ಣು ಇರಲಿ ಎಂದು ಬೇಡಿಕೊಳ್ಳುತ್ತಾಳಂತೆ. ನಾನು ಹೆಚ್ಚುತ್ತಿದ್ದ ಬದನೆಕಾಯಿ ಕೆಳಗಿಟ್ಟೆ.

ಚೀಲದಿಂದ ಟ್ಯಾಬ್ ತೆಗೆದೆ. ಅವಳದನ್ನೂ ತರಿಸಿದೆ. ಎರಡರಲ್ಲೂ ಆ ಉಳ್ಳಾಗಡ್ಡಿ ಸೀರೆಯ ಫೋಟೋ ತೆರೆದು, ಎರಡನ್ನೂ ಮಂಚದ ಮೇಲೆ ಅಕ್ಕಪಕ್ಕ ಇಟ್ಟೆ. ಒಂದು ಸೀರೆ ಉಳ್ಳಾಗಡ್ಡಿ ಬಣ್ಣದ್ದು, ಇನ್ನೊಂದು ನೇರಳೆ.

“ನಿನ್ನ ಕಣ್ಣಿಗೆ ಏನೂ ಆಗಿಲ್ಲ. ಟ್ಯಾಬ್ ಬ್ಯಾರೆ ಬ್ಯಾರೆ ಅದಾವ. ನಾ ಸುಳ್ಳು ಹೇಳಿದ್ದೆ” ಎಂದೆ.

ಅವಳು ಚಾಳೀಸು ಹಾಕಿಕೊಂಡು ನೋಡಿದಳು. ತೆಗೆದು ನೋಡಿದಳು. ಒಂದನ್ನು ವಾರೆ ಮಾಡಿದಳು, ಇನ್ನೊಂದನ್ನು ವಾರೆ ಮಾಡಿದಳು. ಬೈಗುಳಕ್ಕೆ ನಾನು ತಯಾರಾಗಿದ್ದೆ, ಬೈದಿದ್ದರೆ ಚೆನ್ನಾಗಿತ್ತು.

“ಅಂದ್ರ ನನ್ನ ಕಣ್ಣು ನೆಟ್ಟಗ ಅದಾವ?”

“ನೆಟ್ಟಗ ಅದಾವ.”

ಅವಳು ನನ್ನ ಕೈ ಹಿಡಿದುಕೊಂಡು ಅತ್ತಳು. ಸಂತೋಷಕ್ಕೆ ಅತ್ತಳು. ದೇವರು ದೊಡ್ಡವನು ಎಂದಳು, ಸಾಯಂಕಾಲ ಗುಡಿಗೆ ಹೋಗಿ ಕಾಯಿ ಒಡೆಸಬೇಕು ಎಂದಳು. ಒಳಗೆ ಓದುತ್ತಿದ್ದ ಮಗಳನ್ನು ಕರೆದು ತೆಲುಗಿನಲ್ಲಿ ಗಡಗಡ ಹೇಳಿದಳು, ತನಗೆ ಏನೂ ಆಗಿಲ್ಲವಂತೆ, ಕಣ್ಣು ಚೆನ್ನಾಗಿವೆಯಂತೆ ಎಂದು. ಯಾರಿಂದ ಹೀಗಾಯಿತು ಎಂದು ಮಗಳಿಗೆ ಹೇಳಲಿಲ್ಲ. ಆ ಸಂತೋಷದ ಎದುರು ಕೂತಿರುವುದು ನನ್ನಿಂದಾಗಲಿಲ್ಲ. ಚಹಾ ಮಾಡುತ್ತೇನೆಂದು ಎದ್ದು ಒಳಗೆ ಹೋದೆ.

ಚಹಾ ತಂದಾಗ ಅವಳು ಒಬ್ಬಳೇ ಇದ್ದಳು. ಎರಡೂ ಟ್ಯಾಬುಗಳ ಕವರು ಬಿಚ್ಚಿ ಹಿಂಬದಿ ನೋಡುತ್ತಿದ್ದಳು.

“ಇದು ಸೋವಿದೇನ್ರಿ, ವೈನಿ?”

“ಹೂಂ.”

“ಬಾಳ ಸೋವಿದು?”

“ಹೂಂ.”

ಅವಳು ಕವರುಗಳನ್ನು ತಿರುಗಿ ಹಾಕಿದಳು. ಹೊರಡುವಾಗ ನನ್ನ ಟ್ಯಾಬನ್ನು ಅವಳ ಕೈಗಿಟ್ಟೆ. ಬೇಡ ಎನ್ನುತ್ತಾಳೆ, ಒತ್ತಾಯ ಮಾಡಬೇಕಾಗುತ್ತದೆ ಎಂದುಕೊಂಡಿದ್ದೆ. “ಇಟ್ಟು ಹೋಗ್ರಿ, ಕೆಲಸಕ್ಕ ಬೇಕು” ಎಂದು ತೆಗೆದುಕೊಂಡಳು. ಅಗ್ಗದ್ದನ್ನು ನಾನು ವೈಜಾಗಿಗೆ ತಂದೆ.

ಬಹಳ ದಿನ ಅದನ್ನೇ ಬಳಸಿದೆ. ಅದರ ಬಗ್ಗೆ ಅನ್ಯಾಯದ ಮಾತು ಆಡಲಾರೆ. ಕರೆಂಟು ಹೋದ ದಿನ ಮನೆಯಲ್ಲಿ ಬದುಕಿರುತ್ತಿದ್ದುದು ಅದೊಂದೇ. ಅಡುಗೆಮನೆಯ ಕುಕ್ಕರಿನ ಸದ್ದನ್ನು ಮೀರಿ ಅದರ ಧಾರಾವಾಹಿ ಕೇಳಿಸುತ್ತಿತ್ತು. ನನ್ನಂಥವಳಿಗೆ ಅದು ಯಾವ ದುಬಾರಿಯದಕ್ಕೂ ಕಡಿಮೆಯಿರಲಿಲ್ಲ, ಇಷ್ಟು ಸಾಕು ಎಂಬುದು ನನಗೇ ಸರಿಯಾಗಿ ಹೊಂದುವ ಮಾತಾಗಿತ್ತು. ಬ್ಯಾಂಕಿನಲ್ಲಿ ಆ ಜಗಳ ಎದ್ದಾಗ ನಾನು ತಲೆ ಬಗ್ಗಿಸಿ ಊಟ ಮಾಡುತ್ತಿದ್ದೆ. ವಿಜಯವಾಡದಲ್ಲಿ ಚೌಕಟ್ಟು ಮತ್ತೆ ನೆಲಕ್ಕಿಳಿಯಿತು, ಗನ್ನವರಂನ ಹೆಂಗಸರು ಒಬ್ಬೊಬ್ಬರಾಗಿ ಮರಳಿ ಬಂದರು ಎಂದು ಫೋನಿನಲ್ಲಿ ತಿಳಿಯಿತು. ಮೊದಲಿನಂತೆಯೇ ಮಾತಾಡುತ್ತಿದ್ದಳು, ಮೊದಲಿನಂತೆಯೇ “ಬರ್ತೀನಂಡಿ” ಎಂದು ಫೋನಿಡುತ್ತಿದ್ದಳು. ಏನೂ ಆಗಿಲ್ಲ ಎಂದು ನಾನೂ ನಂಬತೊಡಗಿದೆ.

ಆ ವರ್ಷದ ಪಂಚಮಿಗೆ ಸೀರೆಗಳನ್ನೇ ತಂದೆ. ಅಂಗಡಿಯವನಿಗೆ ಸಾಕು ಸಾಕಾಗುವಷ್ಟು ಬಿಚ್ಚಿಸಿ, ಒಂದೇ ಮಗ್ಗದ, ಒಂದೇ ಅಂಚಿನ ಎರಡು ಸೀರೆ ಆರಿಸಿದ್ದೆ. ಒಂದು ಹಸಿರು, ಒಂದು ನೀಲಿ. ನಾದಿನಿ ಬಂದಳು, ಉಂಡಿ ತಿಂದಳು, ಅಣ್ಣನಿಗೆ ಹೊಟ್ಟೆ ಬಂದಿದೆ ಎಂದು ಗೇಲಿ ಮಾಡಿದಳು. ಕುಂಕುಮ ಹಚ್ಚಿ ಹಸಿರು ಸೀರೆಯನ್ನು ಅವಳ ಉಡಿಯಲ್ಲಿ ಹಾಕಿದೆ. ಅವಳು ಹಣೆಗೆ ಒತ್ತಿಕೊಂಡಳು.

“ನಿಮ್ಮದು ಎಲ್ಲೈತ್ರಿ, ವೈನಿ?” ಎಂದಳು.

ತಂದು ಕೊಟ್ಟೆ. ಅವಳು ಎರಡನ್ನೂ ಎತ್ತಿಕೊಂಡು ಬಾಲ್ಕನಿಗೆ ಹೋದಳು. ಬಿಸಿಲಿನಲ್ಲಿ ಎರಡರ ಮಡಿಕೆಯನ್ನೂ ಬಿಚ್ಚಿದಳು. ಅಂಚಿಗೆ ಅಂಚು ಹಿಡಿದು ನೋಡಿದಳು, ಸೆರಗನ್ನು ಬೆರಳಿನಲ್ಲಿ ಉಜ್ಜಿ ನೋಡಿದಳು, ತಿರುವಿ ಹಿಂಬದಿ ನೋಡಿದಳು. ಅವಸರ ಮಾಡಲಿಲ್ಲ. ನಾನು ಕುಂಕುಮದ ಬಟ್ಟಲು ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದೆ. ಆಮೇಲೆ ಎರಡನ್ನೂ ಮೊದಲಿನ ಮಡಿಕೆಗೆ ಮಡಚಿ, ನನ್ನದನ್ನು ನನ್ನ ಕೈಗೆ ಕೊಟ್ಟಳು.

“ಎರಡೂ ಒಂದ ಅದಾವ” ಎಂದಳು.